ಹೊಂಡ ಮುಚ್ಚಿದ ದಿನ

ಬಸ್ಸು ಬಿಣಗಾ ದಾಟುವ ಹೊತ್ತಿಗೆ ಮಳೆ ಹೊಳವಾಯಿತು. ಸಂಧ್ಯಾಳಿಗೆ ಅದು ಹಿತವಾಗಲಿಲ್ಲ. ಕಾರವಾರದಲ್ಲಿ ಹತ್ತುವಾಗ ಸುರಿಯುತ್ತಿದ್ದ ಹಾಗೆಯೇ ಸುರಿದಿದ್ದರೆ ಅಂಕೋಲೆಯ ಹೊಂಡ ಮುಚ್ಚುವ ಕೆಲಸ ಇನ್ನೊಂದು ದಿನಕ್ಕೆ ಹೋಗುತ್ತಿತ್ತು. ಇಂಥ ಮಳೆಯಲ್ಲಿ ಮಣ್ಣು ತುಂಬುವುದಿಲ್ಲ ಎಂದು ಟಿಪ್ಪರಿನವರು ಹೇಳುತ್ತಿದ್ದರು, ಅವಳು ಸರಿ ಎಂದು ಕೊಡೆ ಮಡಚಿ ತಿರುಗಿ ಬಸ್ಸು ಹತ್ತುತ್ತಿದ್ದಳು. ಈಗ ಅಮದಳ್ಳಿಯ ಗದ್ದೆಗಳ ಮೇಲೆ ತೆಳ್ಳಗೆ ಬಿಸಿಲೂ ಬಿತ್ತು. ಕಿಟಕಿಯ ಪಕ್ಕ ಕೂತು ಅವಳು ಹೊರಗೆ ನೋಡುತ್ತಿದ್ದಳು, ಆದರೆ ಊರುಗಳನ್ನಲ್ಲ, ನೀರನ್ನು. ತಗಡಿನ ಮಾಡಿನಿಂದ ಬಿದ್ದದ್ದು ಎತ್ತ ಹೋಯಿತು, ಹೊಸ ಮನೆಯ ಸಿಮೆಂಟಿನ ಅಂಗಳದಿಂದ ಹರಿದದ್ದು ಯಾರ ಹಿತ್ತಲಿಗೆ ನುಗ್ಗಿತು, ಪೆಟ್ರೋಲ್ ಪಂಪಿನ ಮುಂದೆ ನೆಲ ಯಾವ ಕಡೆ ವಾಲಿದೆ. ಮೊದಲು ಇದು ಅವಳಿಗೆ ಒಂದು ಆಟ. ಎಂಜಿನಿಯರಿಂಗ್ ಓದುವಾಗ ಗೆಳತಿಯರು ಬಸ್ಸಿನಲ್ಲಿ ಹಾಡು ಕೇಳುತ್ತಿದ್ದರೆ ಇವಳು ಗಟಾರ ನೋಡುತ್ತ ಕೂರುತ್ತಿದ್ದಳು. ಆ ಹೊಂಡದಲ್ಲಿ ಬೀರಾ ಸತ್ತ ಆರಿದ್ರಾ ಮಳೆಯಿಂದ ಈಚೆಗೆ ಹಾಗಲ್ಲ. ನೆಲದ ಮೇಲೆ ಹರಿಯುವ ನೀರು ಕಂಡರೆ ಯಾರೋ ತನ್ನ ಕಣ್ಣು ತಪ್ಪಿಸಿ ಓಡುತ್ತಿದ್ದಾರೆ ಅನ್ನಿಸುತ್ತಿತ್ತು. ಓಡುತ್ತಿರುವುದು ತಾನೇ ಇರಬಹುದು ಎಂದೂ ಅನ್ನಿಸುತ್ತಿತ್ತು.

ಬೆಳಿಗ್ಗೆ ತಾಯಿ ಮಂದಾಕಿನಿ ದೋಸೆಯ ತಟ್ಟೆಯನ್ನು ಮುಂದೆ ಇಟ್ಟು, ಅವಳು ಮುರಿದು ಮುರಿದು ಬಿಡುವುದನ್ನು ನೋಡಿ, "ಕುಡ್ದು ಬಿದ್ದು ಸತ್ತವನ ಸಲುವಾಗಿ ನೀ ಊಟ ಬಿಡೂದು ಎಂತಕೆ? ಆ ಹೊಂಡ ಇಲ್ದಿದ್ರೆ ಗಟಾರದಲ್ಲಿ ಬಿದ್ದು ಸಾಯ್ತಿದ್ದ. ಅವ್ನ ಹಣೇಲಿ ಬರ್ದದ್ದು" ಎಂದಿದ್ದಳು. ತಾಯಿ ಕೆಟ್ಟವಳಲ್ಲ. ಅಂಕೋಲೆಯಲ್ಲಿ ಮನೆಯಿದ್ದಾಗ ಬೀರನ ಅಕ್ಕ ಮಾದಿ ವಾರಕ್ಕೆರಡು ಸಲ ಬಾಗಿಲಿಗೆ ಸೊಪ್ಪು ತರುತ್ತಿದ್ದಳು. ತಾಯಿ ಅವಳನ್ನು ಜಗಲಿಯ ಕೆಳಗೆ ಕೂರಿಸಿ ಚಾ ಕೊಡುತ್ತಿದ್ದಳು, ಚೌಕಾಸಿ ಮಾಡುತ್ತಿರಲಿಲ್ಲ. ಮಗಳ ಗಂಟಲಿನಲ್ಲಿ ಸಿಕ್ಕಿಕೊಂಡದ್ದನ್ನು ಹೇಗಾದರೂ ಕೆಳಗಿಳಿಸಬೇಕು ಎಂದಷ್ಟೇ ಅವಳ ಮಾತು. ಆದರೆ ಈ ಮಾತನ್ನೇ ಕಚೇರಿಯೂ ಹೇಳಿತ್ತು. ತಾಯಿಯೂ ಕಚೇರಿಯೂ ಒಂದೇ ಮಾತು ಆಡಿದಾಗ ಸಂಧ್ಯಾಳಿಗೆ ತಾನು ಬಚಾವಾದದ್ದು ಒಬ್ಬ ಮನುಷ್ಯನ ಕುಡಿತದಿಂದ ಎನ್ನುವುದು ಮತ್ತೆ ಹೊಸದಾಗಿ ತಿಳಿಯುತ್ತಿತ್ತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅಷ್ಟರಲ್ಲಿ ಮೇಲಧಿಕಾರಿ ಗುರುಪ್ರಸಾದರ ಫೋನು. "ಸಂಧ್ಯಾ, ಮಣ್ಣು ಹಾಕುವಾಗ ನೀವೇ ನಿಂತಿರಬೇಕು. ಜನ ನೋಡ್ಬೇಕು, ನಾವು ಏನೋ ಮಾಡಿದೆವು ಅಂತ." ಅವಳು ಹೂಂ ಎಂದಿದ್ದಳು. ಈ ಮಳೆಗಾಲ ಕಳೆಯಲಿ ಸರ್, ಈಗ ಮುಚ್ಚಿದರೆ ನೀರು ಪೇಟೆಗೆ ತಿರುಗುತ್ತದೆ ಎಂದು ಹಿಂದಿನ ವಾರವೇ ಹೇಳಿ ನೋಡಿದ್ದಳು. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಹೆಣ ಬಿದ್ದ ಮೇಲೆ ಲೆಕ್ಕಾಚಾರ ಮಾತಾಡಬಾರದು ಎಂದಿದ್ದರು.

ಅಂಕೋಲೆಯ ಹೊಸ ತರಕಾರಿ ಪೇಟೆಯ ಜಾಗ ಮೊದಲೇ ತಗ್ಗು. ಸುತ್ತಲಿನ ಅಂಗಡಿಗಳ ಮಾಡಿನ ನೀರು, ರಸ್ತೆಯ ನೀರು ಎಲ್ಲ ಅಲ್ಲಿಗೇ ಬಂದು ಸೇರುತ್ತಿತ್ತು. ಪೂರ್ತಿ ಕಾಂಕ್ರೀಟು ಹಾಕಿ ಒಂದು ಗಟಾರ ತೆಗೆದುಬಿಡಿ ಎಂದು ಎಲ್ಲರೂ ಹೇಳಿದಾಗ ಹಟ ಹಿಡಿದವಳು ಸಂಧ್ಯಾ. ಎಲ್ಲ ಕಡೆ ನೆಲದ ಬಾಯಿ ಮುಚ್ಚಿದರೆ ನೀರು ಎಲ್ಲಿ ಹೋಗಬೇಕು? ಕೂರುವ ಕಟ್ಟೆಗಳ ನಡುವೆ ಸಂದು ಬಿಟ್ಟು ಕಲ್ಲು ಹಾಸೋಣ, ಸಂದಿನಲ್ಲಿ ಹುಲ್ಲು ಬೆಳೆಯಲಿ. ಕೆಳಗಿನ ಮೂಲೆಯಲ್ಲಿ ಆಳದ ಹೊಂಡ ತೋಡಿ, ತಳಕ್ಕೆ ಜಲ್ಲಿ ಮರಳು ಹಾಸಿ, ಮೇಲೆ ನೀರು ಕುಡಿಯುವ ಗಿಡ ನೆಡೋಣ. ಮಳೆ ಬಂದಾಗ ನೀರು ಅಲ್ಲಿ ತಂಗಿ ನಿಧಾನ ಇಂಗಲಿ, ಹೆಚ್ಚಾದದ್ದು ಪೈಪಿನಲ್ಲಿ ರಸ್ತೆಯಾಚೆಯ ಹಳ್ಳಕ್ಕೆ ಹೋಗಲಿ. ಕಾಗದದ ಮೇಲೆ ಅವಳು ಅದಕ್ಕೆ ಮಳೆತೋಟ ಎಂದು ಬರೆದಿದ್ದಳು. ಜನ ಹೊಂಡ ಎಂದರು. ಮೈಸೂರಿನ ತರಬೇತಿಯಲ್ಲಿ ನೋಡಿದ ಒಂದು ಚಿತ್ರ ಅವಳ ತಲೆಯೊಳಗೆ ಕೂತಿತ್ತು. ಯಾವುದೋ ದೇಶದ ಯಾವುದೋ ಊರು, ನೀಲಿ ಹೂಗಳ ತಗ್ಗು, ಅಂಚಿನ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟ ಹುಡುಗಿಯರು. ಮೊದಲ ನಕ್ಷೆಯಲ್ಲಿ ಸುತ್ತ ಸೊಂಟದೆತ್ತರದ ಬೇಲಿಯಿತ್ತು. ನೋಡಿದರೆ ದನದ ದೊಡ್ಡಿಯ ಹಾಗೆ ಕಂಡಿತು. ಒಂದು ಮಧ್ಯಾಹ್ನ, ಊಟದ ಡಬ್ಬಿ ತೆರೆಯುವ ಮೊದಲು, ಕಂಪ್ಯೂಟರಿನಲ್ಲಿ ಆ ಗೆರೆಯನ್ನು ಆರಿಸಿ ಅಳಿಸಿದಳು. ಯಾರೂ ಅಳಿಸು ಎಂದಿರಲಿಲ್ಲ. ಒಂದು ಗುಂಡಿ ಒತ್ತಿದ್ದು, ಅಷ್ಟೆ. ಆಮೇಲೆ ಡಬ್ಬಿ ತೆರೆದಳು. ಅವತ್ತು ಬಂಗಡೆ ಹುರಿದದ್ದು ಇತ್ತು, ರುಚಿಯಾಗಿತ್ತು. ಬೇಲಿಗಿಂತ ಹೆಚ್ಚಾಗಿ ಆ ರುಚಿಯ ನೆನಪೇ ಈಗ ಅವಳನ್ನು ಕಾಡುತ್ತಿತ್ತು.

ಪೇಟೆ ತಲುಪಿದಾಗ ಜೆಸಿಬಿ ಬಂದು ನಿಂತಿತ್ತು. ಮಣ್ಣಿನ ಗುತ್ತಿಗೆ ಹಿಡಿದ ನಿತೇಶ ಟಿಪ್ಪರಿನ ಪಕ್ಕ ಯಾರೊಡನೆಯೋ ಫೋನಿನಲ್ಲಿ ನಗುತ್ತಿದ್ದವನು ಇವಳನ್ನು ಕಂಡು ಫೋನು ಇಟ್ಟ. "ಮೇಡಂ, ಈ ಬದಿಗೆ ನಿಂತ್ಕಳಿ, ಕೆಸರು ಹಾರ್ತದೆ. ಈ ಮಳೆಗೆ ಕೆಂಪು ಮಣ್ಣು ಹಾಕಿದ್ರೆ ಪಾಯಸ ಆಗ್ತದೆ ಅಂತ ನಂಗೂ ಗೊತ್ತದೆ. ಸಾಹೇಬ್ರು ಹಾಕು ಅಂದ್ರು, ಹಾಕೂದು." ಹೊಂಡದ ಎದುರಿನ ಅಕ್ಕಿ ಅಂಗಡಿಯ ರಾಮನಾಥ ಬಾಗಿಲಿಗೆ ಬಂದು, ಎರಡೂ ಕೈಗಳನ್ನು ಹಿಂದೆ ಕಟ್ಟಿ, ಅವಳಿಗೆ ಕೇಳುವಷ್ಟು ದೊಡ್ಡದಾಗಿ, ಆದರೆ ಅವಳಿಗಲ್ಲ ಎನ್ನುವ ಹಾಗೆ ಹೇಳಿದ: "ಅಂದೇ ಹೇಳಿದ್ದೆ. ಪೇಟೆ ನಡೂಕೆ ಯಾರಾದ್ರೂ ಕೆರೆ ತೋಡ್ತಾರಾ? ಓದಿದವ್ರ ಬುದ್ಧಿ." ಸಂಧ್ಯಾ ನಕ್ಕಳು. ಯಾಕೆ ನಕ್ಕೆ ಎಂದು ತನಗೇ ಅಸಹ್ಯವಾಯಿತು. ಇಂಥ ಕಡೆ ನಗುವುದು ಅವಳಿಗೆ ಎಳವೆಯಿಂದ ಬಂದ ಅಭ್ಯಾಸ. ಮಾಸ್ತರು ಬೈದಾಗಲೂ ನಗುತ್ತಿದ್ದಳು, ಅದಕ್ಕೇ ಇನ್ನೊಂದು ಏಟು ಬೀಳುತ್ತಿತ್ತು. ಕೊಡೆಯನ್ನು ಭುಜಕ್ಕೆ ಆನಿಸಿಕೊಂಡು ಹೊಂಡದ ಈಚೆ ಬದಿಗೆ ನಿಂತಳು. ಆಚೆ ಬದಿಯ ಕಟ್ಟೆಗಳ ಮೇಲೆ ಸೊಪ್ಪಿನ ಹೆಂಗಸರು ಕೂತಿದ್ದರು. ಅವರಲ್ಲಿ ಕೊನೆಯವಳು ಮಾದಿ. ಸಂಧ್ಯಾ ಅತ್ತ ನೋಡಲಿಲ್ಲ. ನೋಡದೆಯೂ ಮಾದಿಯ ಕುತ್ತಿಗೆಯ ಮಣಿಸರದ ರಾಶಿ, ಮೊಣಕಾಲು ಮಡಚಿ ಕೂರುವ ರೀತಿ, ನೀರು ಚಿಮುಕಿಸುವ ಕೈ ಅವಳ ಕಣ್ಣಿನ ಅಂಚಿನಲ್ಲಿ ಇತ್ತು. ಒಂದು ತಿಂಗಳಿಂದ ಈ ಪೇಟೆಗೆ ಬರುವುದನ್ನು ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿದ್ದಳು.

ಬೀರಾ ಮಾದಿಯ ತಮ್ಮ. ನಲವತ್ತು ದಾಟಿದ್ದರೂ ಮದುವೆಯಾಗದೆ ಮಂಜಗುಣಿ ರಸ್ತೆಯ ಅಕ್ಕನ ಮನೆಯಲ್ಲೇ ಇದ್ದವನು. ತಾಯಿ ಇಲ್ಲದ ಅವನನ್ನು ಮಾದಿಯೇ ಸೊಂಟದ ಮೇಲೆ ಹೊತ್ತು ದೊಡ್ಡ ಮಾಡಿದ್ದಳು. ಬೆಳಿಗ್ಗೆ ಅವಳ ಜೊತೆ ಪೇಟೆಗೆ ಬರುತ್ತಿದ್ದ, ಸಿಕ್ಕಿದ ಮೂಟೆ ಹೊರುತ್ತಿದ್ದ, ಸಂಜೆಗೆ ಸ್ವಲ್ಪ ಹಾಕುತ್ತಿದ್ದ. ಹಾಕಿದಾಗ ಜಗಳ ಮಾಡುವವನಲ್ಲ, ಎಲ್ಲರಿಗೂ ಕೈಮುಗಿಯುವವನು. ಹೊಂಡವಾದ ಮೊದಲ ಮಳೆಗಾಲ ಪೇಟೆಯೊಳಗೆ ಹನಿ ನೀರು ನಿಲ್ಲಲಿಲ್ಲ. ಸೊಪ್ಪಿನ ಹೆಂಗಸರು ಸಂಧ್ಯಾಳನ್ನು ಕರೆದು ಕರೆದು ತಮ್ಮ ಒಣ ಕಾಲುಗಳನ್ನು ತೋರಿಸಿದ್ದರು. ಬೀರಾ ಮಾತ್ರ ಹೊಂಡವನ್ನು ತನ್ನದೇ ಮಾಡಿಕೊಂಡ. ತಳದ ಅಂಚಿಗೆ ಕೆಸವಿನ ಗಡ್ಡೆ ತಂದು ನೆಟ್ಟ. ಇವಳು ಬಂದಾಗಲೆಲ್ಲ ವರದಿ ಒಪ್ಪಿಸುತ್ತಿದ್ದ. "ತಂಗೀ, ನಿನ್ನ ಹೊಂಡಕ್ಕೆ ಕಪ್ಪೆ ಬಂದವೆ. ಹೊತ್ತು ಕಂತಿದ್ರೆ ಸಾಕು, ನಿನ್ನ ಹೆಸ್ರು ಹಿಡ್ದೇ ಕೂಗ್ತವೆ." ಅವಳು ನಕ್ಕು ಅವನಿಗೆ ಚಾ ಕೊಡಿಸಿದಳು. ಚಾ ಕುಡಿಯುವಾಗ ಹೇಳಿದಳು: "ಬೀರಣ್ಣಾ, ಆ ಪೈಪಿನ ಬಾಯಿಗೆ ಕಸ ಸಿಕ್ಕಿದ್ದು ಕಂಡ್ರೆ ಸ್ವಲ್ಪ ತೆಗೀತ್ರಾ? ಅದು ಕಟ್ಟಿದ್ರೆ ನೀರು ಏರ್ತದೆ." ಬೀರಾ ಚಾದ ಲೋಟ ಕೆಳಗಿಟ್ಟು, "ತೆಗ್ಯದೇ ಎಂತ? ನಮ್ಮದೇ ಹೊಂಡ ಅಲ್ವಾ" ಎಂದ. ಪೈಪು ನೋಡಿಕೊಳ್ಳಲು ಒಬ್ಬ ಆಳು ಬೇಕು ಎಂದು ಅವಳು ಕಚೇರಿಯಲ್ಲಿ ಕೇಳಿದ್ದಳು, ಮುಂದೆ ನೋಡೋಣ ಎಂದಿದ್ದರು. ಮತ್ತೆ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ, ಬೀರಾ ಇದ್ದನಲ್ಲ. ಒಂದು ಲೋಟ ಚಾ ಕೊಟ್ಟು ಕಚೇರಿಯ ಕೆಲಸವನ್ನು ಒಬ್ಬ ಬಡವನ ಕೈಗೆ ದಾಟಿಸಿದ್ದೇನೆ ಎಂದು ಅವಳಿಗೆ ಅವತ್ತು ತೋಚಿರಲಿಲ್ಲ. ತಾನು ಎಷ್ಟು ಸಲಿಗೆಯವಳು, ಜನರೊಡನೆ ಎಷ್ಟು ಬೆರೆಯುತ್ತೇನೆ ಎಂದೇ ತೋಚಿತ್ತು.

ಆ ಬೆಳಿಗ್ಗೆ ಫೋನು ಬಂದು ಓಡಿ ಬಂದಾಗ ಹೊಂಡದ ಸುತ್ತ ಜನ ನಿಂತಿದ್ದರು. ತಳದಲ್ಲಿ ಕಣಕಾಲು ಮುಳುಗುವಷ್ಟು ನೀರು. ಅದರಲ್ಲಿ ಬೀರಾ ಮುಖ ಕೆಳಗಾಗಿ ಬಿದ್ದಿದ್ದ. ಮಾದಿ ಅಂಚಿನಲ್ಲಿ ಕೂತಿದ್ದಳು, ಅಳುತ್ತಿರಲಿಲ್ಲ, ಯಾರೋ ಅವಳ ಭುಜ ಹಿಡಿದಿದ್ದರು. "ಕಣಕಾಲು ನೀರಲ್ಲಿ ಸತ್ತ ನೋಡು. ಎಷ್ಟು ಕುಡ್ದಿರ್ಬೇಕು" ಎಂದು ಜನ ಆಡಿಕೊಂಡರು. ಸಂಧ್ಯಾಳ ಕಣ್ಣು ಮೊದಲು ಹೋದದ್ದು ಅವನ ಕಡೆಗಲ್ಲ. ಅದನ್ನು ಅವಳು ತನ್ನ ಬಗ್ಗೆ ಎಂದೂ ಮರೆಯಲಾರಳು. ಮೊದಲು ಹೋದದ್ದು ಹೊಂಡದ ಗೋಡೆಯ ಕಡೆಗೆ. ಕೆಸರಿನ ಗೆರೆ ಎದೆಮಟ್ಟ ಏರಿ ಇಳಿದಿತ್ತು. ಪೈಪಿನ ಬಾಯಿ ಸ್ವಚ್ಛವಾಗಿ ತೆರೆದುಕೊಂಡು ಸಣ್ಣಗೆ ಸದ್ದು ಮಾಡುತ್ತ ಹರಿಯುತ್ತಿತ್ತು. ಅದರ ಪಕ್ಕ ಮೀನಿನ ಪೆಟ್ಟಿಗೆಯ ಥರ್ಮಾಕೋಲ್ ಚೂರುಗಳು, ಪ್ಲಾಸ್ಟಿಕ್ ಚೀಲಗಳು ಗುಪ್ಪೆಯಾಗಿ ಬಿದ್ದಿದ್ದವು. ಮೇಲೆ ಕಲ್ಲಿನ ಮೇಲೆ ಅವನ ರಬ್ಬರಿನ ಚಪ್ಪಲಿಗಳು ಜೋಡಿಯಾಗಿ ಇದ್ದವು, ದೇವಸ್ಥಾನದ ಬಾಗಿಲಿನಲ್ಲಿ ಬಿಟ್ಟ ಹಾಗೆ. ನೀರು ಎದೆಮಟ್ಟ ಇದ್ದಾಗ ಅವನು ಇಳಿದಿದ್ದ. ಕಟ್ಟಿದ್ದನ್ನು ಬಿಡಿಸಿದ್ದ. ಬಿಟ್ಟುಕೊಂಡ ನೀರಿನ ಸೆಳೆತಕ್ಕೋ ಕಾಲು ಜಾರಿಯೋ ಮುಳುಗಿದ್ದ. ಆಮೇಲೆ ನೀರು ಅವನು ಮಾಡಿಕೊಟ್ಟ ದಾರಿಯಲ್ಲೇ ಹೋಗಿ, ಅವನನ್ನು ಕಣಕಾಲು ನೀರಿನಲ್ಲಿ, ನಗೆಪಾಟಲಾಗಿ ಬಿಟ್ಟುಹೋಗಿತ್ತು. ಅಲ್ಲಿದ್ದವರಲ್ಲಿ ಇದನ್ನು ಓದಬಲ್ಲವಳು ಅವಳು. ಗುರುಪ್ರಸಾದರು ಬಂದರು, ಪೊಲೀಸರು ಬಂದರು. ಅಂಗಿಯ ಜೇಬಿನಲ್ಲಿ ಸಾರಾಯಿಯ ಪ್ಯಾಕೆಟ್ಟು ಸಿಕ್ಕಿತು. ಮೂರನೆಯ ದಿನ ಕಚೇರಿಯಲ್ಲಿ ಗುರುಪ್ರಸಾದರು ಕೇಳಿದರು, ಈ ಮನುಷ್ಯ ಕುಡಿಯುತ್ತಿದ್ದದ್ದು ನಿಮಗೆ ಗೊತ್ತಿತ್ತೇ? ಗೊತ್ತಿತ್ತು ಎಂದಳು. ಸರಿ ಎಂದರು. ಬೇರೆ ಏನೂ ಕೇಳಲಿಲ್ಲ. ಬಾಯಿ ತೆರೆದರೆ ಒಂದೇ ವಾಕ್ಯ ಸಾಕಾಗಿತ್ತು. ಅವಳು ಫ್ಯಾನಿನ ಗಾಳಿಗೆ ಏಳುತ್ತಿದ್ದ ಕಾಗದದ ಮೇಲೆ ಅವರ ಪೆನ್ನಿನ ಸ್ಟ್ಯಾಂಡನ್ನು ಸರಿಸಿಟ್ಟು ಹೊರಗೆ ಬಂದಳು.

ಜೆಸಿಬಿ ಮೊದಲು ಆಚೆ ಮೂಲೆಯ ಗಿಡಗಳನ್ನು ಬಗೆಯಿತು. ಲಾವಂಚದ ಬೇರುಗಳು ಉದ್ದಕ್ಕೆ ಕೂದಲಿನ ಹಾಗೆ ಜೋತವು. ಮೊದಲ ಟಿಪ್ಪರಿನ ಮಣ್ಣು ಬಿದ್ದಾಗ ಹೊಂಡದ ನೀರು ಕೆಂಪಾಗಿ ಮೇಲಕ್ಕೆ ಎದ್ದಿತು. ಒಂದು ಕಪ್ಪೆ ಹಾರಿ ರಸ್ತೆಗೆ ಬಂತು. ಎರಡನೆಯ ಟಿಪ್ಪರು ಹಿಂದೆ ಹಿಂದೆ ಬರುವಾಗ ಯಂತ್ರ ಒಂದು ಗಳಿಗೆ ನಿಂತಿತು. ಆಗ ಮಾದಿ ಎದ್ದು ಬಂದಳು. ಅವಳು ಕಟ್ಟೆ ಇಳಿದದ್ದು, ಕಲ್ಲುಹಾಸಿನ ಮೇಲೆ ನಡೆದದ್ದು ಎಲ್ಲ ಸಂಧ್ಯಾಳಿಗೆ ತಲೆಯೆತ್ತದೆಯೇ ಗೊತ್ತಾಯಿತು. ಮಾದಿ ಅವಳ ಹತ್ತಿರ ನಿಲ್ಲಲಿಲ್ಲ, ನೇರ ಹೊಂಡದ ಅಂಚಿಗೆ ಹೋದಳು. "ಅಂವ ನೆಟ್ಟ ಕೆಸ ಅದೆ ಅಲ್ಲಿ. ಕಿತ್ಕಂತೆ" ಎಂದಳು, ಯಾರಿಗೆ ಎಂದಲ್ಲ.

"ಏ ಮಾದಮ್ಮಾ, ಇಳೀಬೇಡ. ಜಾರ್ತದೆ" ಎಂದು ನಿತೇಶ ಅಡ್ಡ ಬಂದ.

ಸಂಧ್ಯಾ ಕೊಡೆ ಕೆಳಗಿಟ್ಟಳು. ಶೂ ಬಿಚ್ಚಲು ಹೋಗಿ, ಬಿಚ್ಚದೆ, ಹಾಗೆಯೇ ಅಂಚಿನ ಕಲ್ಲು ಹಿಡಿದು ಹೊಂಡಕ್ಕೆ ಇಳಿದಳು. ಮೇಡಂ, ಮೇಡಂ ಎಂದು ನಿತೇಶ ಕೂಗಿದ. ಕೆಂಪು ನೀರು ತೊಡೆಯವರೆಗೆ ಬಂತು. ತಾನೇ ನಕ್ಷೆ ಬರೆದ ಈ ಹೊಂಡದೊಳಗೆ ತಾನು ಒಂದು ಸಲವೂ ಇಳಿದಿರಲಿಲ್ಲ ಎನ್ನುವುದು ಕಾಲು ತಳ ಮುಟ್ಟಿದಾಗ ಅವಳಿಗೆ ಹೊಳೆಯಿತು. ಮೇಲಿನಿಂದ ನೋಡಿದ್ದಷ್ಟೆ. ಮರಳು ಕಾಲಡಿಯಿಂದ ಮೆಲ್ಲಗೆ ಸರಿಯುತ್ತಿತ್ತು. ಇಲ್ಲಿ ನಿಂತರೆ ಪೇಟೆ ಕಾಣುತ್ತಿರಲಿಲ್ಲ, ಬರೇ ಕಲ್ಲಿನ ಅಂಚು ಮತ್ತು ಅದರ ಮೇಲೆ ಆಕಾಶ, ಆಕಾಶದಲ್ಲಿ ಜನರ ತಲೆಗಳು. ಅವನೂ ಇದನ್ನೇ ನೋಡಿರಬೇಕು, ತಲೆಗಳಿಲ್ಲದ ಬರೀ ಅಂಚನ್ನು. ಕೆಸವಿನ ದಂಟುಗಳನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಬರಲಿಲ್ಲ. ಕೈಯನ್ನು ಕೆಸರಿನೊಳಗೆ ತೂರಿಸಿ ಗಡ್ಡೆ ಸಮೇತ ಬಿಡಿಸಿದಳು, ಒಂದು, ಮತ್ತೊಂದು. ಮೇಲೆ ಚಾಚಿದಳು. ಮಾದಿ ಬಗ್ಗಿ ತೆಗೆದುಕೊಂಡಳು, ಕೆಸರನ್ನು ಕೈಯಲ್ಲೇ ಒರೆಸಿದಳು, ಒರೆಸುತ್ತಲೇ ಹೇಳಿದಳು.

"ಇದೇ ಬದಿಗೇ ಇಳ್ದದ್ದು ಅಂವ. ನಾ ಬೇಡ ಅಂದೆ. ಹೊತ್ತು ಕಂತ್ತು, ಬಾರಾ, ಮನಿಗೆ ಹೋಗ್ವ ಅಂದೆ. ಕೇಳ್ಲಿಲ್ಲ. ಪೈಪು ಕಟ್ಕಂಡದೆ, ನೀರು ಏರ್ತೇ ಅದೆ, ತಂಗಿ ನನ್ನ ಹತ್ರ ಹೇಳಿಟ್ಟದೆ ಅಂದ. ನೀ ಮುಂದೆ ಹೋಗು, ನಾ ಬತ್ತೆ ಅಂದ. ನಾ ಹೋದೆ." ಅವಳ ದನಿ ಏರಲಿಲ್ಲ. "ನೀನೇ ಹೇಳಿದ್ದಲ್ವಾ ಅವಂಗೆ?"

"ಹೌದು, ಮಾದಕ್ಕಾ" ಎಂದಳು ಸಂಧ್ಯಾ ಹೊಂಡದೊಳಗಿಂದ.

"ಮತ್ತೆ ಅವ್ರೆಲ್ಲ ಕುಡ್ದು ಬಿದ್ದ, ಕುಡ್ದು ಬಿದ್ದ ಅಂದಾಗ ನೀ ಎಂತಕೆ ಸುಮ್ನಿದ್ದೆ?"

ಸಂಧ್ಯಾ ಬಾಯಿ ತೆರೆದಳು. ಹೆದರಿದೆ ಎನ್ನಬೇಕಿತ್ತು. ನೌಕರಿ ಎನ್ನಬೇಕಿತ್ತು. ತುಟಿ ಅಭ್ಯಾಸದಂತೆ ನಗುವಿನ ಕಡೆಗೆ ಹೋಗುವುದನ್ನು ತಾನೇ ಕಂಡು ಕೆಸರಿನ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಕುಡೀತಿದ್ದ. ನಾ ಇಲ್ಲ ಅನ್ನೂದಿಲ್ಲ" ಎಂದಳು ಮಾದಿ. "ಅವತ್ತೂ ಕುಡ್ದಿದ್ದ. ಆದ್ರೆ ಬಿದ್ದದ್ದಲ್ಲ ಅಂವ. ಇಳ್ದದ್ದು."

ರಾಮನಾಥ ಅಂಗಡಿಯಿಂದ ಇಳಿದು ಬಂದ. "ಏ ಮಾದೀ, ಹೋಗ್ಲಿ ಬಿಡೇ. ಹೋದವ ಹೋದ. ಮೇಡಮ್ಮ ಎಂತ ಮಾಡ್ತದೆ ಅದ್ಕೆ? ಸರ್ಕಾರದ ಕೆಲ್ಸ." ನಿತೇಶ ಮಾದಿಯ ಮೊಣಕೈ ಹಿಡಿದು, "ದುಃಖದಲ್ಲಿ ಮಾತಾಡ್ತದೆ, ನೀವು ಮನ್ಸಿಗೆ ಹಚ್ಕಬೇಡಿ" ಎಂದು ಸಂಧ್ಯಾಳಿಗೆ ಹೇಳಿದ. "ಇಲ್ಲ, ನಾನೇ ಹೇಳಿದ್ದೆ, ನಾನೇ ಅವನಿಗೆ ಹೇಳಿದ್ದೆ" ಎಂದು ಸಂಧ್ಯಾ ಕೂಗಿದಳು. ಅಷ್ಟರಲ್ಲಿ ಜೆಸಿಬಿ ಮತ್ತೆ ಗುಡುಗಿತು. ಯಾರೋ ಎರಡು ಕೈ ಚಾಚಿ ಅವಳನ್ನು ಮೇಲಕ್ಕೆ ಎಳೆದುಕೊಂಡರು. ಮೇಡಂಗೆ ನೀರು ಕೊಡಿ, ಕುರ್ಚಿ ಕೊಡಿ ಎಂದರು. ಎಲ್ಲರೂ ಅವಳನ್ನು ಕಾಪಾಡುತ್ತಿದ್ದರು. ಮಾದಿ ಕೆಸವಿನ ಗಡ್ಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತನ್ನ ಕಟ್ಟೆಗೆ ಹೋಗಿ ಕೂತಳು.

ಒದ್ದೆ ಬಟ್ಟೆಯಲ್ಲೇ ಪೇಟೆಯ ಹಿಂದಿನ ಗೋಡೆಗೆ ಒರಗಿ ಸಂಧ್ಯಾ ಗುರುಪ್ರಸಾದರಿಗೆ ಫೋನು ಮಾಡಿದಳು. "ಸರ್, ಬೀರಾ ಬಿದ್ದು ಸತ್ತದ್ದಲ್ಲ. ಪೈಪು ಬಿಡಿಸುವುದಕ್ಕೆ ಇಳಿದಿದ್ದ. ನಾನು ಹೇಳಿಟ್ಟಿದ್ದೆ. ಬೇಲಿಯೂ ಇತ್ತು ಸರ್ ಮೊದಲು, ನಾನೇ ತೆಗೆದೆ." ಆ ಕಡೆ ಕಾಗದ ಸರಿಸಿದ ಸದ್ದಾಯಿತು. ಆಮೇಲೆ, "ಮಣ್ಣು ಎಷ್ಟು ಬಂತು?" ಎಂದರು.

"ಮುಕ್ಕಾಲು ತುಂಬಿತು ಸರ್."

"ಸಂಧ್ಯಾ, ಹೊಂಡವೇ ಮುಚ್ಚಿತಲ್ಲ. ಇನ್ನೇನು ಉಳೀತು ಹೇಳಿ? ನೀವು ಒಳ್ಳೆಯ ಎಂಜಿನಿಯರ್. ಇದಕ್ಕೆಲ್ಲ ಕೆರಿಯರ್ ಹಾಳು ಮಾಡ್ಕೋಬೇಡಿ. ಎರಡು ದಿನ ರಜೆ ತಗೊಳ್ಳಿ." ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು, ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಸಂಧ್ಯಾ ರಜೆ ತೆಗೆದುಕೊಳ್ಳಲಿಲ್ಲ. ಸೋಮವಾರ ಎಲ್ಲವನ್ನೂ ಬರೆದು, ಬಿದ್ದದ್ದಲ್ಲ, ಇಳಿದದ್ದು ಎನ್ನುವುದನ್ನು ಕೆಳಗೆ ಗೆರೆ ಎಳೆದು, ಅವರ ಮೇಜಿನ ಮೇಲೆ ಇಟ್ಟಳು. ಒಂದು ನೋಟೀಸು ಬಂದೀತು, ವಿಚಾರಣೆ ಆದೀತು, ಮಾದಿಯನ್ನು ಕರೆದು ಯಾರಾದರೂ ಕೇಳಿಯಾರು ಎಂದು ದಿನ ದಿನ ಕಾದಳು. ಏನೂ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳಿಗೆ ಬಡ್ತಿ ಬಂತು.

ಆದರೆ ಅದು ಆಮೇಲಿನ ಮಾತು. ಆ ದಿನ ಮಧ್ಯಾಹ್ನ ಕೊನೆಯ ಟಿಪ್ಪರು ಹೋಗಿ, ಜೆಸಿಬಿ ಮಣ್ಣನ್ನು ತಟ್ಟಿ ಸಮ ಮಾಡಿ ಹೋದ ಮೇಲೆ, ಬೇಲೇಕೇರಿಯ ಕಡೆಯಿಂದ ಕಪ್ಪಗೆ ಕಟ್ಟಿಕೊಂಡು ಬಂತು. ಪುಷ್ಯದ ಮಳೆ ಹೇಳಿ ಕೇಳಿ ಬರುವುದಲ್ಲ. ಮೊದಲು ಅಂಗಡಿಗಳ ತಗಡು ಸದ್ದಾಯಿತು, ಆಮೇಲೆ ಬೇರೆ ಯಾವ ಸದ್ದೂ ಇಲ್ಲದಾಯಿತು. ಸಂಧ್ಯಾ ಅಕ್ಕಿ ಅಂಗಡಿಯ ಮಾಡಿನ ಕೆಳಗೆ ನಿಂತು ನೋಡಿದಳು. ರಸ್ತೆಯ ನೀರು ಎರಡು ವರ್ಷದ ಅಭ್ಯಾಸದಂತೆ ಕೆಳಗಿನ ಮೂಲೆಗೆ ಬಂತು. ಅಲ್ಲಿ ಕೆಂಪು ಮಣ್ಣಿನ ದಿಬ್ಬ ತಡೆಯಿತು. ನೀರು ಸ್ವಲ್ಪ ಹೊತ್ತು ಅಲ್ಲೇ ಸುತ್ತಿತು, ದಾರಿ ಕೇಳುವವರ ಹಾಗೆ. ಆಮೇಲೆ ತಿರುಗಿ ಕಲ್ಲುಹಾಸಿನ ಮೇಲೆ ಪೇಟೆಯೊಳಗೆ ನಡೆಯಿತು. ಜೊತೆಗೆ ಹೊಸ ಮಣ್ಣೂ ಕರಗಿ ಬಂತು. ಹುಲ್ಲಿನ ಸಂದುಗಳೆಲ್ಲ ಕೆಸರು ಕುಡಿದು ಮುಚ್ಚಿಹೋದವು. ಹೆಂಗಸರು ಬುಟ್ಟಿ ಎತ್ತಿಕೊಂಡು, ಸೀರೆ ಎತ್ತಿಕೊಂಡು, ಕೂಗುತ್ತ ಎದ್ದರು. ರಾಮನಾಥನ ಹೊಸ್ತಿಲು ದಾಟಿ ನೀರು ಅಕ್ಕಿ ಚೀಲದ ಬುಡ ಮುಟ್ಟಿತು. ಅವನು ಚೀಲಗಳನ್ನು ಎಳೆಯುತ್ತ ಅವಳ ಕಡೆ ತಿರುಗಿ, "ಇದನ್ನ ಮುಚ್ಚು ಅಂತ ಯಾರು ಹೇಳಿದ್ರು ನಿಮಗೆ? ಇಷ್ಟು ದಿನ ಸರಿ ಇತ್ತಲ್ಲ!" ಎಂದು ಅರಚಿದ. ಅವಳು ಅವನ ಜೊತೆ ಒಂದು ಚೀಲದ ತುದಿ ಹಿಡಿದಳು. ಎತ್ತಿ ಹಲಗೆಯ ಮೇಲೆ ಇಟ್ಟು, ಎಲ್ಲ ಚೀಲ ಮುಗಿದ ಮೇಲೆ ಹೊರಗೆ ನೋಡಿದರೆ ಕಟ್ಟೆಗಳೆಲ್ಲ ಖಾಲಿಯಾಗಿದ್ದವು. ಕೊನೆಯದರಲ್ಲಿ ಮಾದಿ ಮಾತ್ರ ಕೂತಿದ್ದಳು.

ಸಂಧ್ಯಾ ಮಳೆಯಲ್ಲೇ ನಡೆದು ಹೋದಳು. ಕಟ್ಟೆ ಗಿಡ್ಡ, ನೀರು ಅದರ ಮೇಲೂ ಒಂದು ಗೇಣು ಹರಿಯುತ್ತಿತ್ತು. ಮಾದಿ ಅದರಲ್ಲೇ ಮೊಣಕಾಲು ಮಡಚಿ ಕೂತಿದ್ದಳು. ಬಸಳೆಯ ಕಟ್ಟುಗಳು ಬಿಚ್ಚಿ ಅವಳ ಸುತ್ತ ತೇಲುತ್ತಿದ್ದವು.

"ಏಳಿ ಮಾದಕ್ಕಾ. ನೀರು ಏರ್ತಾ ಅದೆ."

"ಏರ್ಲಿ."

"ಏಳಿ. ನಾ ಕೈ ಹಿಡೀತೆ."

ಮಾದಿ ತನ್ನ ಮಡಿಲ ಸುತ್ತ ಬರುವ ಕೆಂಪು ನೀರನ್ನು ಅಂಗೈಯಿಂದ ಮೆಲ್ಲಗೆ ಒತ್ತಿದಳು, ಮಗುವಿನ ತಲೆ ತಟ್ಟಿದ ಹಾಗೆ. "ನೀರು ಹೊಂಡದಲ್ಲಿದ್ದಾಗ ನಂಗೆ ಕಾಣ್ತಿರ್ಲಿಲ್ಲ. ಎಷ್ಟು ಆಳ ಅದೆ ಅಂತ ತಿಳೀಲೇ ಇಲ್ಲ. ಇಲ್ಲೇ ಬರ್ಲಿ. ನನ್ನ ಕಾಲ್ಬುಡದಲ್ಲೇ ಇದ್ರೆ ಎಷ್ಟು ಬಂತು ಅಂತ ನಂಗೆ ಗೊತ್ತಾಗ್ತದೆ."

ಸಂಧ್ಯಾ ನಿಂತಳು. ಬಗ್ಗಿ ತೇಲುವ ಬಸಳೆಯನ್ನು ಒಂದೊಂದಾಗಿ ಹಿಡಿದು ಬುಟ್ಟಿಗೆ ಹಾಕತೊಡಗಿದಳು. ಕೆಸರು ಹತ್ತಿದ ಆ ಸೊಪ್ಪನ್ನು ಇನ್ನು ಯಾರೂ ಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮಾದಿ ಬೇಡ ಎನ್ನಲಿಲ್ಲ, ಇಲ್ಲಿ ಕೊಡು ಎಂದೂ ಅನ್ನಲಿಲ್ಲ. ಮಳೆ ಸಣ್ಣದಾಗುವವರೆಗೆ ಹಾಗೆಯೇ ನಡೆಯಿತು. ಆಮೇಲೆ ಮಾದಿ ಕೈಯೂರಿ ಎದ್ದಳು. ಬುಟ್ಟಿಯ ಹಳೆ ಬಟ್ಟೆಯನ್ನು ಹಿಂಡಿ ಸಿಂಬಿ ಸುತ್ತಿ ತಲೆಯ ಮೇಲಿಟ್ಟಳು. ಸುತ್ತ ನೋಡಿದಳು. ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೆ ಏರಿಸಿಕೊಳ್ಳಲಾಗುವುದಿಲ್ಲ, ಇನ್ನೊಬ್ಬರು ಬೇಕು. ಬೇರೆ ಹೆಂಗಸರು ಯಾರೂ ಉಳಿದಿರಲಿಲ್ಲ. ಮಾದಿ ರಸ್ತೆಯ ಕಡೆ ನೋಡುತ್ತ ಬಹಳ ಹೊತ್ತು ಕಾದಳು. ಪಕ್ಕದಲ್ಲೇ ಸಂಧ್ಯಾ ಎರಡು ಕೈ ಮುಂದಿಟ್ಟುಕೊಂಡು ನಿಂತಿದ್ದಳು.

ಕೊನೆಗೆ ಮಾದಿ ಅವಳ ಕಡೆ ತಿರುಗದೆ, ತುಸು ಮೊಣಕಾಲು ಬಗ್ಗಿಸಿ, ತಲೆ ಒಡ್ಡಿದಳು. "ಸಮಾ ಹಿಡಿ" ಎಂದಳು.

ಸಂಧ್ಯಾ ಬುಟ್ಟಿ ಎತ್ತಿದಳು. ಅದು ಇಷ್ಟು ಭಾರವಿರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಬುಟ್ಟಿಯ ಸಂದುಗಳಿಂದ ಕೆಂಪು ನೀರು ಸುರಿದು ಮಾದಿಯ ಹಣೆಯ ಮೇಲೆ, ಮಣಿಸರದ ಮೇಲೆ, ಸಂಧ್ಯಾಳ ತೋಳುಗಳ ಮೇಲೆ ಇಳಿಯಿತು. ಮಾದಿ ಕಣ್ಣು ಮುಚ್ಚಿ ತಡೆದುಕೊಂಡಳು, ಬುಟ್ಟಿ ನೆಟ್ಟಗೆ ಕೂತ ಮೇಲೆ ಕಣ್ಣು ತೆರೆದು, ನೀರಿನೊಳಗೆ ಕಾಲು ಎಳೆಯುತ್ತ ಮಂಜಗುಣಿ ರಸ್ತೆಯ ಕಡೆಗೆ ನಡೆದಳು. ಸಂಧ್ಯಾಳ ಕೈಗಳು ಬುಟ್ಟಿ ಇದ್ದ ಎತ್ತರದಲ್ಲೇ ಸ್ವಲ್ಪ ಹೊತ್ತು ಉಳಿದವು.